ಸೊನ್ನೆ ಗೆರೆಯ ಕೆಳಗೆ ಮೂರು ಚುಕ್ಕೆ: ಎರಡು ಕೊರತೆಗಳ ಬಗ್ಗೆ ಕೋಲಾರದ ಒಂದು ಪ್ರಕರಣ

ಇದು ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನಲ್ಲಿ ನಡೆದದ್ದು. ಕೊನೆಯ ವರ್ಷದ ಬಿಎ ಓದುತ್ತಿದ್ದ ಐದು ಮಕ್ಕಳು ಸರ್ಕಾರದ ಬಜೆಟ್ ಕೊರತೆಗೂ ದೇಶದ ವ್ಯಾಪಾರ ಕೊರತೆಗೂ ಇರುವ ನಂಟಿನ ಮೇಲೆ ಒಂದು ಪ್ರಾಜೆಕ್ಟ್ ಮಾಡಿದರು. ಅವರಿಗೆ ಗೈಡ್ ಆಗಿದ್ದವನು ನಾನು. ಕಾಲೇಜಿನ ಹೆಸರು, ಮಕ್ಕಳ ಹೆಸರು ಯಾವುದನ್ನೂ ಇಲ್ಲಿ ಹಾಕಿಲ್ಲ. ಗುರುತಿಗೆ ಬೇಕಲ್ವಾ ಅಂತ ಮನೆಯ ಕಸುಬನ್ನೇ ಇಟ್ಟುಕೊಂಡಿದ್ದೇನೆ: ಡೇರಿ ಮನೆಯ ಹುಡುಗಿ, ಮಂಡಿ ಹುಡುಗ, ಕೆಜಿಎಫ್ ಹುಡುಗ. ಉಳಿದ ಇಬ್ಬರು ಹೆಣ್ಣುಮಕ್ಕಳು ರಿಸರ್ವ್ ಬ್ಯಾಂಕಿನ ಪಟ್ಟಿಗಳಿಂದ ಒಂದೊಂದೇ ಅಂಕಿ ಹೆಕ್ಕಿ ತಂದವರು. ಅವರಿಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ.

ಪ್ರಾಜೆಕ್ಟ್ ಮಾಡಿಸುವ ಬೇರೆ ಮೇಷ್ಟರುಗಳಿಗೆ, ಬಜೆಟ್ ಸುದ್ದಿ ಓದಿ ತಲೆ ಕೆಡಿಸಿಕೊಳ್ಳುವ ಯಾರಿಗೇ ಆಗಲಿ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಎರಡು ತಪ್ಪುಗಳಿವೆ. ಎರಡನ್ನೂ ಹೇಳುತ್ತೇನೆ.

ಹಿನ್ನೆಲೆ

ಮೊದಲ ತಪ್ಪು ಪ್ರಾಜೆಕ್ಟ್ ಶುರುವಾಗುವ ಮೊದಲೇ ಆಯಿತು. ಮಂಡಿ ಹುಡುಗ ಒಂದು ದಿನ ಕ್ಲಾಸಿನಲ್ಲಿ ಕೇಳಿದ: "ಸಾರ್, ಸರ್ಕಾರ ಸಾಲ ಮಾಡಿದ್ರೆ ರೂಪಾಯಿ ಯಾಕೆ ಬೀಳಬೇಕು?" ಒಳ್ಳೆ ಪ್ರಶ್ನೆ. ಅದನ್ನು ಪ್ರಶ್ನೆಯಾಗಿಯೇ ಬಿಡಬೇಕಿತ್ತು. ನಾನು ಅವರಿಗೆ ಕೊಟ್ಟ ಶೀರ್ಷಿಕೆ "ಬಜೆಟ್ ಕೊರತೆಯಿಂದ ವ್ಯಾಪಾರ ಕೊರತೆ". ಉತ್ತರ ಶೀರ್ಷಿಕೆಯಲ್ಲೇ ಇತ್ತು. ಮಕ್ಕಳು ಹುಡುಕುವುದಕ್ಕೆ ಏನೂ ಉಳಿದಿರಲಿಲ್ಲ, ಸಾಬೀತು ಮಾಡುವುದಷ್ಟೇ ಉಳಿದಿತ್ತು.

ಶೀರ್ಷಿಕೆಯನ್ನು ಸುಮ್ನೆ ಕೊಟ್ಟಿರಲಿಲ್ಲ. ಪಠ್ಯಪುಸ್ತಕದಲ್ಲಿ ಇದಕ್ಕೆ "ಅವಳಿ ಕೊರತೆ" ಎಂಬ ಹೆಸರೇ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ರೇಗನ್ ಸರ್ಕಾರ ತೆರಿಗೆ ಇಳಿಸಿ ರಕ್ಷಣಾ ಖರ್ಚು ಏರಿಸಿತು. ಸರ್ಕಾರದ ಸಾಲ ಹೆಚ್ಚಾಯಿತು, ಬಡ್ಡಿ ದರ ಮೇಲೆಯೇ ಇತ್ತು. ಆ ಬಡ್ಡಿಗೆ ಹೊರದೇಶದ ದುಡ್ಡು ಹರಿದು ಬಂತು, ಡಾಲರ್ ಬಲವಾಯಿತು. ಡಾಲರ್ ಬಲವಾದರೆ ಆಮದು ಅಗ್ಗ, ರಫ್ತು ದುಬಾರಿ. ಹೀಗೆ ಬಜೆಟ್ ಕೊರತೆ ಮತ್ತು ವ್ಯಾಪಾರ ಕೊರತೆ ಕೈಕೈ ಹಿಡಿದು ಬೆಳೆದವು.

ನಮ್ಮ ದೇಶದ 1990-91 ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆ ವರ್ಷ ಕೇಂದ್ರದ ವಿತ್ತೀಯ ಕೊರತೆ, ಅಂದರೆ ಆದಾಯ ಮೀರಿದ ಖರ್ಚಿಗೆ ಸರ್ಕಾರ ಸಾಲದಿಂದ ತುಂಬಿಸುವ ಮೊತ್ತ, ಜಿಡಿಪಿಯ ಶೇ 8ರ ಹತ್ತಿರ. ಚಾಲ್ತಿ ಖಾತೆ ಎಂದರೆ ಸರಕು, ಸೇವೆಯ ವ್ಯಾಪಾರ ಮತ್ತು ಹೊರಗಿನವರು ಮನೆಗೆ ಕಳಿಸುವ ಹಣ ಮುಂತಾದವೆಲ್ಲ ಸೇರಿದ ಹೊರದೇಶದ ಜೊತೆಗಿನ ಲೆಕ್ಕ; ಅದರ ಕೊರತೆ ಶೇ 3ರಷ್ಟು. ಕೊಲ್ಲಿ ಯುದ್ಧದಿಂದ ಪೆಟ್ರೋಲಿಯಂ ಬೆಲೆ ಏರಿತು, ಹೊರಗಿದ್ದ ನಮ್ಮವರು ಇಟ್ಟಿದ್ದ ಠೇವಣಿ ವಾಪಸ್ ಹೋಯಿತು. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ ಬಾವಿ ಮೊದಲೇ ತಳ ಕಂಡಿತ್ತು, ಆ ವರ್ಷ ಮಳೆಯೂ ಕೈಕೊಟ್ಟಿತು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ತಂದಿತು. ಅದೇ ತಿಂಗಳ 1 ಮತ್ತು 3ನೇ ತಾರೀಕು ರೂಪಾಯಿಯ ಬೆಲೆ ಇಳಿಸಲಾಯಿತು. 24ಕ್ಕೆ ಮನಮೋಹನ್ ಸಿಂಗ್ ಅವರ ಬಜೆಟ್ ಬಂತು.

ಚಿನ್ನ ಅಡವಿಟ್ಟ ವಿಷಯ ಓದಿದಾಗ ಕೆಜಿಎಫ್ ಹುಡುಗ ತಲೆ ಎತ್ತಿದ. ಅವನ ತಾತ ಆಗ ಗಣಿಯಲ್ಲಿ ಕೆಲಸದಲ್ಲಿದ್ದರು. ನಮ್ಮ ಜಿಲ್ಲೆಯ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಅಂದರೆ ದೇಶದ ಚಿನ್ನ ವಿಮಾನ ಹತ್ತಿದ ಆ ತಿಂಗಳಲ್ಲೂ ಇಲ್ಲಿ ಜನ ಕೇಜಿನಲ್ಲಿ ಇಳಿದು ಚಿನ್ನ ತೆಗೆಯುತ್ತಿದ್ದರು. ಆ ಹುಡುಗನಿಗೆ ಪ್ರಾಜೆಕ್ಟ್ ಅಲ್ಲಿಂದ ತನ್ನದಾಯಿತು.

ತೊಡಕು

ಒಂದು ದೊಡ್ಡ ಚಾರ್ಟ್ ಹಾಳೆ. ಕೆಳಗೆ ವರ್ಷಗಳು, ಪಕ್ಕದಲ್ಲಿ ಜಿಡಿಪಿಯ ಶೇಕಡಾವಾರು. ಕೆಂಪು ಗೆರೆ ಕೇಂದ್ರದ ವಿತ್ತೀಯ ಕೊರತೆ, ನೀಲಿ ಗೆರೆ ಚಾಲ್ತಿ ಖಾತೆ ಕೊರತೆ. ಕೊರತೆ ಜಾಸ್ತಿಯಾದಷ್ಟೂ ಗೆರೆ ಮೇಲೆ ಹೋಗಬೇಕು. ಎರಡೂ ಜೊತೆಜೊತೆಯಾಗಿ ಹತ್ತಿ ಇಳಿಯುತ್ತವೆ ಎಂದು ನಾವು ಕಾದಿದ್ದೆವು.

2001-02ಕ್ಕೆ ಬಂದಾಗ ನೀಲಿ ಗೆರೆ ಸೊನ್ನೆಯ ಕೆಳಗೆ ಇಳಿಯಿತು. ಆ ವರ್ಷ ಚಾಲ್ತಿ ಖಾತೆಯಲ್ಲಿ ಕೊರತೆ ಇಲ್ಲ, ಶೇ 0.7 ಮಿಗತೆ. ಮುಂದಿನ ವರ್ಷ ಮಿಗತೆ ಶೇ 1.2, 2003-04ರಲ್ಲಿ ಶೇ 2.3. ಕೆಂಪು ಗೆರೆ ಮಾತ್ರ ಮೇಲೆಯೇ ಇತ್ತು. 2001-02ರಲ್ಲಿ ಕೇಂದ್ರದ ಕೊರತೆ ಶೇ 6ರ ಆಸುಪಾಸು, ರಾಜ್ಯಗಳದ್ದೂ ಸೇರಿಸಿದರೆ ಶೇ 9 ದಾಟುತ್ತದೆ.

ಚುಕ್ಕೆ ಇಟ್ಟ ಹುಡುಗಿ ತಾನೇ ತಪ್ಪು ಮಾಡಿದ್ದೇನೆ ಅಂದುಕೊಂಡಳು. ಅಳಿಸಿ ಮತ್ತೆ ಇಟ್ಟಳು. ಮೂರನೇ ಸಲ ಅಳಿಸುವಾಗ ಹಾಳೆ ಆ ಜಾಗದಲ್ಲಿ ತೆಳ್ಳಗಾಗಿ ಸಣ್ಣ ತೂತು ಬಿತ್ತು. ಹಿಂದಿನಿಂದ ಗಮ್ ಟೇಪ್ ಅಂಟಿಸಿದೆವು. ಆ ಟೇಪು ಈಗಲೂ ಇದೆ. ಅಂಕಿಯಲ್ಲಿ ತಪ್ಪಿರಲಿಲ್ಲ.

ವೈವಾಗೆ ಎರಡು ವಾರ ಇತ್ತು.

ಏನೇನು ಮಾಡಿ ನೋಡಿದೆವು

ಮೊದಲ ಸಲಹೆ ಮಂಡಿ ಹುಡುಗನದು. "ಸಾರ್, 2004-05ರಿಂದ ಶುರು ಮಾಡೋಣ. ಸರ್ಕಾರದ ಕೊರತೆಗೆ ಮಿತಿ ಹಾಕೋ ವಿತ್ತೀಯ ಹೊಣೆಗಾರಿಕೆ ಕಾಯ್ದೆ 2003ರದು, ಜಾರಿಗೆ ಬಂದಿದ್ದು 2004ರಲ್ಲಿ. ಕಾಯ್ದೆ ಬಂದಮೇಲಿನ ಕಾಲ ಅಂತ ಹೇಳಬಹುದು." ಕಾರಣ ಮರ್ಯಾದಸ್ಥವಾಗಿ ಕೇಳಿಸುತ್ತಿತ್ತು. ನಾನು ಒಪ್ಪಿಬಿಟ್ಟೆ. ಇದು ನನ್ನ ಎರಡನೇ ತಪ್ಪು. ಆ ರಾತ್ರಿ ಮನೆಯಲ್ಲಿ ಕೂತು ಯೋಚಿಸಿದಾಗ ಹೊಟ್ಟೆಯಲ್ಲಿ ಸಂಕಟ ಆಯಿತು. ಅವನು ಕಾಯ್ದೆ ನೋಡಿ ವರ್ಷ ಆರಿಸಿರಲಿಲ್ಲ. ಚುಕ್ಕೆ ನೋಡಿ ವರ್ಷ ಆರಿಸಿ, ಆಮೇಲೆ ಕಾಯ್ದೆ ಹುಡುಕಿದ್ದ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ತಲೆ ಆಡಿಸಿದ್ದೆ. ಅದೂ ಅಲ್ಲದೆ ಇಂಥ ಕಾಯ್ದೆಯನ್ನು ಕೇಂದ್ರಕ್ಕಿಂತ ಮೊದಲೇ, 2002ರಲ್ಲೇ ಮಾಡಿದ ರಾಜ್ಯ ನಮ್ಮ ಕರ್ನಾಟಕ. ಹಾಗಿದ್ದಮೇಲೆ ಗಡಿ ಎಲ್ಲಿ ಎಳೆಯಬೇಕು?

ಬೆಳಗ್ಗೆ ಬಂದು ಬೇಡ ಅಂದೆ. ಅವನಿಗೆ ಬೇಜಾರಾಯಿತು. ಸರಿ, ಎಲ್ಲಾ ವರ್ಷಗಳನ್ನೂ ಇಟ್ಟುಕೊಂಡೇ ಮುಂದೆ ಹೋದೆವು. ಹಾಗೆ ಹೋದಾಗ ಇನ್ನೊಂದು ತುದಿಯಲ್ಲೂ ಅದೇ ಕಥೆ. 2020-21ರಲ್ಲಿ ಕೇಂದ್ರದ ಕೊರತೆ ಶೇ 9 ದಾಟಿತ್ತು. ನಮ್ಮ ಹಾಳೆಯಲ್ಲಿ ಕೆಂಪು ಗೆರೆಯ ಅತಿ ಎತ್ತರದ ಜಾಗ ಅದೇ. ಅದೇ ವರ್ಷ ನೀಲಿ ಚುಕ್ಕೆ ಮತ್ತೆ ಸೊನ್ನೆಯ ಕೆಳಗೆ, ಶೇ 0.9 ಮಿಗತೆ. 2004-05ರಿಂದ ಶುರು ಮಾಡಿದ್ದರೂ ಸಿಕ್ಕಿಬೀಳುತ್ತಿದ್ದೆವು.

ಆಮೇಲೆ ಒಂದು ವರ್ಷ ಹಿಂದೆ ಮುಂದೆ ಸರಿಸಿ ನೋಡಿದೆವು. ಈ ವರ್ಷದ ಸಾಲದ ಪರಿಣಾಮ ಮುಂದಿನ ವರ್ಷ ಕಾಣಬಹುದು ಅಲ್ವಾ? ಒಂದು ಕಡೆ ಸರಿಹೋಯಿತು, ಇನ್ನೊಂದು ಕಡೆ ಕೆಟ್ಟಿತು. ಬಿಟ್ಟೆವು.

ಮೂರನೆಯದು ಕಾಲಂ ಬದಲಿಸುವ ಯೋಚನೆ. ಚಾಲ್ತಿ ಖಾತೆ ಬೇಡ, ಬರೀ ಸರಕಿನ ವ್ಯಾಪಾರ ತಗೊಳ್ಳೋಣ ಎಂದರು. ಇಲ್ಲಿ ಮಕ್ಕಳಿಗೆ ಒಂದು ದೊಡ್ಡ ವಿಷಯ ತಿಳಿಯಿತು. ಸ್ವಾತಂತ್ರ್ಯ ಬಂದಮೇಲೆ ನಮ್ಮ ಸರಕಿನ ವ್ಯಾಪಾರದಲ್ಲಿ ಮಿಗತೆ ಕಂಡದ್ದು ಎರಡೇ ವರ್ಷ, 1972-73 ಮತ್ತು 1976-77. ಉಳಿದೆಲ್ಲಾ ವರ್ಷ ಕೊರತೆಯೇ. 2001-04ರಲ್ಲೂ ಸರಕಿನಲ್ಲಿ ಕೊರತೆ ಇತ್ತು. ಅದನ್ನು ತುಂಬಿಸಿ ಮೇಲೆ ಮಿಗಿಸಿದ್ದು ಸಾಫ್ಟ್‌ವೇರ್ ಸೇವೆಯ ಗಳಿಕೆ ಮತ್ತು ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸಿದ ಹಣ. ಪೇಪರಿನಲ್ಲಿ "ವ್ಯಾಪಾರ ಕೊರತೆ" ಎಂದು ಬಂದಾಗ ಅದು ಸರಕಿನದೋ, ಸೇವೆಯೂ ಸೇರಿದೆಯೋ, ಇಡೀ ಚಾಲ್ತಿ ಖಾತೆಯೋ ಎಂದು ಕೇಳುವ ಅಭ್ಯಾಸ ಅವತ್ತು ಬಂತು. ಆದರೆ ಸರಕಿನ ಕಾಲಂ ಹಾಕಿದರೆ ನಮ್ಮ ಮೂರು ಚುಕ್ಕೆಗಳು ಮಾಯವಾಗುತ್ತಿದ್ದವೇ ಹೊರತು ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಈ ಸಲ ಬೇಡ ಅಂದದ್ದು ನಾನಲ್ಲ, ಮಂಡಿ ಹುಡುಗನೇ.

ನಾಲ್ಕನೆಯದನ್ನು ಕೆಜಿಎಫ್ ಹುಡುಗ ಮಾಡಿದ. 2012-13ರಲ್ಲಿ ಚಾಲ್ತಿ ಖಾತೆ ಕೊರತೆ ಶೇ 4.8, ಅಲ್ಲಿಯವರೆಗಿನ ದಾಖಲೆ. ಮರುವರ್ಷ ಅದು ಶೇ 1.7ಕ್ಕೆ ಇಳಿಯಿತು. ಆದರೆ ಬಜೆಟ್ ಕೊರತೆ ಇಳಿದದ್ದು ಶೇ 4.9ರಿಂದ ಶೇ 4.5ಕ್ಕೆ ಅಷ್ಟೇ. ಇಷ್ಟು ಸಣ್ಣ ಇಳಿತ ಅಷ್ಟು ದೊಡ್ಡ ಇಳಿತಕ್ಕೆ ಕಾರಣ ಆಗಲಾರದು. ಅವನು ಚಿನ್ನದ ಅಂಕಿ ತಂದ. 2012-13ರಲ್ಲಿ ದೇಶ ತರಿಸಿಕೊಂಡ ಚಿನ್ನ 800 ಟನ್‌ಗಿಂತ ಜಾಸ್ತಿ, ಬೆಲೆ 5,000 ಕೋಟಿ ಡಾಲರ್‌ಗಿಂತ ಜಾಸ್ತಿ. 2013ರ ಜನವರಿಯಿಂದ ಆಗಸ್ಟ್ ಒಳಗೆ ಸರ್ಕಾರ ಚಿನ್ನದ ಆಮದು ಸುಂಕವನ್ನು ಶೇ 4ರಿಂದ ಶೇ 10ಕ್ಕೆ ಏರಿಸಿತು. ಆ ಆಗಸ್ಟ್ ಕೊನೆಯಲ್ಲಿ ಡಾಲರಿಗೆ 68 ರೂಪಾಯಿ ದಾಟಿತ್ತು. ಚಿನ್ನದ ಆಮದು ಇಳಿದಾಗ ನೀಲಿ ಗೆರೆಯೂ ಇಳಿಯಿತು.

ಪಟ್ಟಿಯ ಪಕ್ಕದಲ್ಲಿ ಅವನು ಪೆನ್ಸಿಲ್‌ನಲ್ಲಿ ಇನ್ನೊಂದು ಸಾಲು ಬರೆದಿದ್ದ: ಕೋಲಾರದ ಗಣಿ, 1880ರಿಂದ 2001, ಸುಮಾರು 800 ಟನ್. ನಾವೆಲ್ಲ ಅದನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೂರಿಪ್ಪತ್ತು ವರ್ಷ, ಮೂರು ಕಿಲೋಮೀಟರ್ ಆಳ, ಎಷ್ಟೋ ಜನರ ಶ್ವಾಸಕೋಶ. ಅಷ್ಟು ಚಿನ್ನ ನಮ್ಮ ದೇಶಕ್ಕೆ ಒಂದೇ ವರ್ಷದ ಆಮದು.

ತಿರುವು

2012-13ಕ್ಕೆ ಕಾರಣ ಸಿಕ್ಕಿತು, ಆದರೆ ಸೊನ್ನೆಯ ಕೆಳಗಿನ ಚುಕ್ಕೆಗಳು ಹಾಗೇ ಇದ್ದವು. ಉತ್ತರ ಬಂದದ್ದು ಒಂದು ಉದ್ದ ನೋಟ್‌ಬುಕ್ಕಿನಿಂದ.

ಡೇರಿ ಮನೆಯ ಹುಡುಗಿ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದದ್ದು ಅವರ ಅಮ್ಮನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ. ಮುಂದಿನ ಪುಟಗಳಲ್ಲಿ ಹಾಲಿನ ಬಟವಾಡೆ, ಹಿಂಡಿ, ಬೂಸಾ, ಸಂಘದ ಕಂತು, ಕೈಸಾಲ. ಒಂದು ಮಧ್ಯಾಹ್ನ ಪುಟ ತಿರುವುತ್ತಾ ಅವಳು ನಿಂತುಬಿಟ್ಟಳು.

"ಸಾರ್, ನಮ್ ಮನೇಲೂ ಹಿಂಗೇ ಆಗಿದೆ."

ಅವರದು ಕೂಡು ಕುಟುಂಬ. ದೊಡ್ಡಪ್ಪ ಒಂದು ವರ್ಷ ಬೋರ್ ಕೊರೆಸಿದರು. ನಮ್ಮ ಕಡೆ ಬೋರ್ ಎಂದರೆ ಸಾವಿರ ಅಡಿ ಮೀರಿ ಇಳಿಯಬೇಕು, ಖರ್ಚು ಕೇಳಬೇಡಿ. ಅದೇ ವರ್ಷ ಅವಳ ಅಪ್ಪ ಮನೆಗೆ ಮೋಲ್ಡ್ ಹಾಕಿಸಬೇಕು ಅಂತಿದ್ದರು. ಮಳೆ ಇಲ್ಲ, ಧೈರ್ಯ ಇಲ್ಲ, ಮುಂದಕ್ಕೆ ಹಾಕಿದರು. ಉಳಿದ ಹಾಲಿನ ದುಡ್ಡು ದೊಡ್ಡಪ್ಪನಿಗೆ ಕೈಸಾಲ ಹೋಯಿತು. ಮನೆಯ ಹೊರಗೆ ಒಂದು ರೂಪಾಯಿ ಸಾಲ ಆಗಲಿಲ್ಲ. ಕೆಲವು ವರ್ಷ ಕಳೆದು ದೊಡ್ಡಪ್ಪ ಇನ್ನೊಂದು ಬೋರ್ ಕೊರೆಸಿದರು. ಆ ವರ್ಷ ಅಪ್ಪ ಮೋಲ್ಡನ್ನೂ ಹಾಕಿಸಿದರು. ಎರಡಕ್ಕೂ ದುಡ್ಡು ಸಾಲದೆ ಬಡ್ಡಿಗೆ ಹೊರಗಿಂದ ತರಬೇಕಾಯಿತು.

"ದೊಡ್ಡಪ್ಪ ಎರಡು ಸಲನೂ ಸಾಲ ಮಾಡಿದ್ರು ಸಾರ್. ಹೊರಗೆ ಕೈ ಚಾಚಿದ್ದು ಎರಡನೇ ಸಲ ಮಾತ್ರ. ಅಪ್ಪ ಏನು ಮಾಡ್ತಿದ್ರು ಅನ್ನೋದ್ರ ಮೇಲೆ ಇತ್ತು."

ನಾನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದ ಸಮೀಕರಣ ಅದು. ದೊಡ್ಡಪ್ಪ ಎಂದರೆ ಸರ್ಕಾರ. ಅಪ್ಪ ಎಂದರೆ ದೇಶದ ಮನೆಗಳು ಮತ್ತು ಕಂಪನಿಗಳು. ಹೊರಗಿಂದ ಸಾಲ ಕೊಟ್ಟವರು ಎಂದರೆ ಹೊರದೇಶ. ಸರ್ಕಾರದ ಕೊರತೆಯನ್ನು ತುಂಬಲು ಎರಡೇ ಜಾಗ ಇದೆ: ಜನ ಮತ್ತು ಕಂಪನಿಗಳು ಹೂಡಿಕೆ ಮಾಡಿ ಮಿಗಿಸಿದ ಉಳಿತಾಯ, ಇಲ್ಲವೇ ಹೊರದೇಶದ ಹಣ. ಮೊದಲನೆಯದು ಧಾರಾಳವಾಗಿದ್ದರೆ ಎರಡನೆಯದು ಬೇಕಾಗುವುದಿಲ್ಲ. ನಮ್ಮ ಚಾರ್ಟ್‌ನಲ್ಲಿ ಎರಡು ಗೆರೆ ಇದ್ದವು, ಬೇಕಾಗಿದ್ದದ್ದು ಮೂರು.

ಮೂರನೆಯ ಗೆರೆ ಇಟ್ಟುಕೊಂಡು ನೋಡಿದಾಗ ಚುಕ್ಕೆಗಳು ಬಾಯಿ ಬಿಟ್ಟವು. 2001-03ರಲ್ಲಿ ಕಂಪನಿಗಳು ಹೊಸ ಹೂಡಿಕೆಗೆ ಹಿಂಜರಿದಿದ್ದವು, 2002ರಲ್ಲಿ ದೊಡ್ಡ ಬರ ಬೇರೆ. ಉಳಿತಾಯ ಇತ್ತು, ಅದನ್ನು ಬಳಸುವವರು ಕಡಿಮೆ. 2020-21 ಇನ್ನೂ ಸ್ಪಷ್ಟ. ಲಾಕ್‌ಡೌನ್‌ನಲ್ಲಿ ಸರ್ಕಾರದ ಆದಾಯ ಕುಸಿದು ಖರ್ಚು ಏರಿತು. ಜನ ಮಾತ್ರ ಕೈ ಕಟ್ಟಿ ಕೂತರು. ಡೇರಿ ಹುಡುಗಿಯ ಮನೆಯಲ್ಲಿ ದೊಡ್ಡಪ್ಪನ ಮಗಳ ಮದುವೆ ಮುಂದಕ್ಕೆ ಹೋಗಿತ್ತು. ಮಂಡಿ ಹುಡುಗನ ತಂದೆ ತಗೊಳ್ಳಬೇಕೆಂದಿದ್ದ ಟೆಂಪೋ ತಗೊಳ್ಳಲಿಲ್ಲ. ದೇಶದ ಲೆಕ್ಕದಲ್ಲೂ ಅದೇ: ಮನೆಗಳ ನಿವ್ವಳ ಹಣಕಾಸು ಉಳಿತಾಯ (ಬ್ಯಾಂಕು, ವಿಮೆ ಮುಂತಾದ ಕಡೆ ಇಟ್ಟದ್ದರಲ್ಲಿ ಮಾಡಿದ ಸಾಲ ಕಳೆದರೆ ಉಳಿಯುವುದು) ಆ ವರ್ಷ ಜಿಡಿಪಿಯ ಶೇ 11 ದಾಟಿತ್ತು. 2022-23ಕ್ಕೆ ಅದು ಶೇ 5ರ ಸುಮಾರಿಗೆ ಇಳಿಯಿತು, ಚಾಲ್ತಿ ಖಾತೆ ಮತ್ತೆ ಶೇ 2ರಷ್ಟು ಕೊರತೆಗೆ ಬಂತು.

ಹೊರಗಿನ ಉದಾಹರಣೆಗಳೂ ಈಗ ಹೊಂದಿದವು. ಅಮೆರಿಕದ ಬಜೆಟ್ 1998ರಿಂದ 2001ರವರೆಗೆ ಮಿಗತೆಯಲ್ಲಿತ್ತು, ಆದರೆ ವ್ಯಾಪಾರ ಕೊರತೆ ಬೆಳೆಯುತ್ತಲೇ ಇತ್ತು. ಅಲ್ಲಿ ಆಗ ಜನ ಮತ್ತು ಕಂಪನಿಗಳೇ ಉಳಿತಾಯ ಮೀರಿ ಖರ್ಚು, ಹೂಡಿಕೆ ಮಾಡುತ್ತಿದ್ದರು. ಜಪಾನ್ ಸರ್ಕಾರದ ಸಾಲ ಜಿಡಿಪಿಯ ಎರಡು ಪಟ್ಟಿಗಿಂತ ಜಾಸ್ತಿ, ಆದರೂ ಅದರ ಚಾಲ್ತಿ ಖಾತೆಯಲ್ಲಿ ಮಿಗತೆ.

ಖುಷಿಯಲ್ಲಿ ಮಕ್ಕಳು ಇನ್ನೊಂದು ತಪ್ಪಿಗೆ ಕಾಲಿಟ್ಟರು. "ಉಳಿತಾಯವೇ ಕಾರಣ" ಎಂದು ಬರೆದುಕೊಂಡು ಬಂದರು. ಹಳೆ ಶೀರ್ಷಿಕೆ ತೆಗೆದು ಹೊಸದನ್ನು ಅಂಟಿಸಿದ ಹಾಗೆ! ಮೂರು ಲೆಕ್ಕಗಳು ಕೂಡಿದಾಗ ಸರಿಹೋಗುವುದು ಲೆಕ್ಕದ ನಿಯಮ. ಯಾರು ಯಾರನ್ನು ತಳ್ಳಿದರು ಎಂದು ಅದು ಹೇಳುವುದಿಲ್ಲ. ಒಂದು ವರ್ಷ ಪೆಟ್ರೋಲಿಯಂ ಬೆಲೆ ತಳ್ಳಬಹುದು, ಇನ್ನೊಂದು ವರ್ಷ ಸರ್ಕಾರವೇ ತಳ್ಳಬಹುದು, 1991ರಲ್ಲಿ ಎರಡೂ ಸೇರಿ ತಳ್ಳಿದವು. ಇದನ್ನು ಡೇರಿ ಮನೆಯ ಹುಡುಗಿ ನನಗಿಂತ ಚೆನ್ನಾಗಿ ಹೇಳಿದಳು: "ಅಮ್ಮನ ಪುಸ್ತಕ ಕೂಡಿದ್ರೆ ಸರಿಯಾಗೇ ಬರುತ್ತೆ ಸಾರ್. ಮಳೆ ಯಾಕೆ ಬರ್ಲಿಲ್ಲ ಅಂತ ಅದ್ರಲ್ಲಿ ಬರೆದಿರಲ್ಲ."

ಕೊನೆಗೆ ಆದದ್ದು

ಶೀರ್ಷಿಕೆ ಬದಲಿಸಿದೆವು: "ಎರಡು ಕೊರತೆಗಳು: ಯಾವಾಗ ಜೊತೆಯಾಗಿ, ಯಾವಾಗ ಬೇರೆಯಾಗಿ". ಹೊಂದದ ವರ್ಷಗಳನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪ್ರತಿಯೊಂದಕ್ಕೂ ಒಂದು ಪುಟ ಕೊಟ್ಟೆವು.

ವೈವಾದಲ್ಲಿ ಪರೀಕ್ಷಕರು ಕೇಳಿದ್ದು ನ್ಯಾಯವಾದ ಪ್ರಶ್ನೆ: "ಹಾಗಾದ್ರೆ ಸರ್ಕಾರ ಎಷ್ಟು ಬೇಕಾದ್ರೂ ಸಾಲ ಮಾಡಬಹುದಾ?" ಉತ್ತರ ಕೊಟ್ಟವನು ಮಂಡಿ ಹುಡುಗ. ಇಲ್ಲ ಎಂದ. ಕೇಂದ್ರಕ್ಕೆ ತೆರಿಗೆ ಮುಂತಾಗಿ ಬರುವ ರಾಜಸ್ವ ಆದಾಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಡ್ಡಿಗೇ ಹೋಗುತ್ತಿದೆ, ಆ ದುಡ್ಡು ಶಾಲೆಗೂ ಕೆರೆಗೂ ಸಿಗುವುದಿಲ್ಲ ಎಂದ. ಜನರ ಉಳಿತಾಯವನ್ನು ಸರ್ಕಾರವೇ ತಗೊಂಡರೆ ಬೇರೆಯವರಿಗೆ ಸಾಲ ದುಬಾರಿಯಾಗುತ್ತದೆ ಎಂದ. ಕೊನೆಗೆ ಇನ್ನೊಂದು ಮಾತು ಸೇರಿಸಿದ: ಮನೆಯೊಳಗಿನ ಕೈಸಾಲಕ್ಕೆ ಕಾಲಾವಕಾಶ ಕೇಳಬಹುದು, ಡಾಲರಿನ ಸಾಲಕ್ಕೆ 1991ರಲ್ಲಿ ಕೇಳಲು ಆಗಲಿಲ್ಲ.

ಅಂಕ ನಾವು ಅಂದುಕೊಂಡಷ್ಟು ಬರಲಿಲ್ಲ. "ಖಚಿತ ತೀರ್ಮಾನ ಇಲ್ಲ" ಎಂದು ಷರಾ ಬಿತ್ತು. ಮಕ್ಕಳಿಗೆ ಎರಡು ದಿನ ಮುಖ ಸಪ್ಪಗಿತ್ತು. ನನಗೂ ನೋವಾಯಿತು, ಆದರೆ ಆ ಮೂರು ವರ್ಷ ಕತ್ತರಿಸಿ ಪೂರ್ತಿ ಅಂಕ ತಂದಿದ್ದರೆ ಅದಕ್ಕಿಂತ ಜಾಸ್ತಿ ನೋವಾಗುತ್ತಿತ್ತು. ಈಗ ನಾನು ಉತ್ತರ ಇರುವ ಶೀರ್ಷಿಕೆ ಕೊಡುವುದಿಲ್ಲ. ಮೊದಲ ವಾರ ಬರೀ ಚುಕ್ಕೆ ಇಡಿಸುತ್ತೇನೆ. ಹೊಂದದ ಚುಕ್ಕೆ ಯಾವುದು, ಮೊದಲು ಅದನ್ನೇ ತೋರಿಸಿ ಅನ್ನುತ್ತೇನೆ.

ನೋಟ್‌ಬುಕ್ ವಾಪಸ್ ಕೊಡಲು ಅವಳ ಮನೆಗೆ ಹೋಗಿದ್ದಾಗ ಅಮ್ಮ ಕಾಫಿ ಕೊಟ್ಟು ಕೂತರು. ಮಗಳು ಎಲ್ಲ ಹೇಳಿದ್ದಾಳಂತೆ. ಮುಂದಕ್ಕೆ ಹೋಗಿದ್ದ ಆ ಮದುವೆ ಆಮೇಲೆ ನಡೆದಾಗ ಅವರೂ ಎರಡು ಬಳೆ ಮಾಡಿಸಿಕೊಂಡಿದ್ದರು. ಪುಸ್ತಕದಲ್ಲಿ ಅದನ್ನು "ಉಳಿಕೆ" ಎಂದು ಬರೆದಿದ್ದರು. "ದೇಶದ್ ಲೆಕ್ಕದಾಗೆ ಇದು ಎಲ್ಲಿಗೆ ಬರ್ತದೆ ಮೇಷ್ಟ್ರೇ?" ಎಂದು ಕೇಳಿದರು. ದೇಶದ ಲೆಕ್ಕದಲ್ಲಿ ಚಿನ್ನ, ಒಡವೆಯನ್ನು ಬೆಲೆಬಾಳುವ ವಸ್ತು ಎಂದು ಹೂಡಿಕೆಗೆ ಸೇರಿಸುತ್ತಾರೆ, ಹೊರಗಿಂದ ತರಿಸಿದ ಚಿನ್ನವಾದರೆ ಅದೇ ಮೊತ್ತ ಆಮದಿನಲ್ಲೂ ಬರುತ್ತದೆ ಎಂದೆ. ಅವರು ಬಳೆಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. "ನಮ್ ಕೋಲಾರದ್ದಲ್ಲ ಹಂಗಾರೆ ಇದು" ಎಂದರು.